ಸಂಸಾರ ಹೂಡಿದ ಜಿರಲೆ: ಗೆದ್ದಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೆದ್ದಲು ಎಂದೊಡನೆ ಕಣ್ಣ ಮುಂದೆ ಬರುವುದು ಟೊಳ್ಳಾದ ಬಾಗಿಲ ಚೌಕಟ್ಟು, ಮುಟ್ಟಿದರೆ ಉದುರುವ ಪುಸ್ತಕದ ಕಪಾಟು. ಹೀಗಾಗಿ ಈ ಹುಳುವಿನ ಬಗ್ಗೆ ಜನ ಮೊದಲು ಕೇಳುವುದು ಅದನ್ನು ಓಡಿಸುವುದು ಹೇಗೆ ಎಂದೇ. ಆ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಗೆದ್ದಲು ಎಲ್ಲಿಂದ ಬಂತು, ತಿಂದದ್ದನ್ನು ಹೇಗೆ ಅರಗಿಸಿಕೊಳ್ಳುತ್ತದೆ, ಅದು ಓಡಾಡಿದ ನೆಲಕ್ಕೆ ಏನಾಗುತ್ತದೆ ಎಂಬ ಕುತೂಹಲವಿದ್ದವರು ಮುಂದೆ ಓದಬಹುದು.

ಗೆದ್ದಲು ಒಂದು ಬಗೆಯ ಇರುವೆ ತಾನೇ? ಬಿಳಿ ಇರುವೆ ಎನ್ನುತ್ತಾರಲ್ಲ?

ಎನ್ನುತ್ತಾರೆ, ಆದರೆ ಆ ಹೆಸರು ತಪ್ಪು. ಇರುವೆ ಕಣಜದ ವಂಶದ್ದು, ಗೆದ್ದಲು ಜಿರಲೆಯ ವಂಶದ್ದು. ಎರಡೂ ಗುಂಪು ಕಟ್ಟಿಕೊಂಡು, ರಾಣಿಯನ್ನು ನಡುವೆ ಇಟ್ಟುಕೊಂಡು ಬದುಕುತ್ತವೆ ಎಂಬುದನ್ನು ಬಿಟ್ಟರೆ ನಂಟು ಬಹಳ ದೂರದ್ದು.

ಹತ್ತಿರದಿಂದ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಇರುವೆಗೆ ದಾರ ಬಿಗಿದಂಥ ಸಣ್ಣ ನಡು, ಮೊಣಕೈಯಂತೆ ಬಾಗಿದ ಮೀಸೆ. ಗೆದ್ದಲಿಗೆ ನಡುವೇ ಇಲ್ಲ, ಮೀಸೆಯೋ ಮಣಿ ಪೋಣಿಸಿದಂತೆ ನೇರ. ರೆಕ್ಕೆಯ ಇರುವೆಯಲ್ಲಿ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು. ಗೆದ್ದಲಿನಲ್ಲಿ ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆ. ಇನ್ನೂ ದೊಡ್ಡ ವ್ಯತ್ಯಾಸ ಮರಿಗಳದ್ದು. ಇರುವೆಯ ಮರಿ ಕಾಲಿಲ್ಲದ ಬಿಳಿ ಹುಳು. ಕೋಶಾವಸ್ಥೆ ದಾಟಿದ ಮೇಲೆಯೇ ಅದಕ್ಕೆ ಇರುವೆಯ ರೂಪ ಬರುತ್ತದೆ. ಗೆದ್ದಲು ಮೊಟ್ಟೆಯೊಡೆದು ಬರುವಾಗಲೇ ಆರು ಕಾಲಿನ ಪುಟ್ಟ ಗೆದ್ದಲು. ಪೊರೆ ಕಳಚುತ್ತಾ ಕಳಚುತ್ತಾ ಬೆಳೆಯುತ್ತದೆ, ಅಷ್ಟೇ. ಜಿರಲೆಯೂ ಹೀಗೆಯೇ.

ಜಿರಲೆಯ ವಂಶ ಎಂದು ಗೊತ್ತಾದದ್ದು ಹೇಗೆ?

ಹೊಟ್ಟೆಯೊಳಗಿನ ಬಾಡಿಗೆದಾರರಿಂದ. ಉತ್ತರ ಅಮೆರಿಕ ಮತ್ತು ಪೂರ್ವ ಏಷ್ಯಾದ ಕಾಡುಗಳ ಕೊಳೆತ ದಿಮ್ಮಿಗಳಲ್ಲಿ ಕ್ರಿಪ್ಟೊಸರ್ಕಸ್ ಎಂಬ ರೆಕ್ಕೆಯಿಲ್ಲದ ಜಿರಲೆ ವಾಸಿಸುತ್ತದೆ. ಅದರ ಊಟ ಮರ. ಅಮೆರಿಕದ ಜೀವವಿಜ್ಞಾನಿ ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು 1934ರಲ್ಲಿ ಈ ಜಿರಲೆಯ ಕರುಳಿನಲ್ಲಿರುವ ಏಕಕೋಶ ಜೀವಿಗಳ ಬಗ್ಗೆ ವಿವರವಾಗಿ ಬರೆದರು. ಅವು ಗೆದ್ದಲಿನ ಕರುಳಿನಲ್ಲಿರುವ ಜೀವಿಗಳ ಹತ್ತಿರದ ಸಂಬಂಧಿಗಳಾಗಿದ್ದವು. ದಾರಿಯಲ್ಲಿ ಆಕಸ್ಮಿಕವಾಗಿ ಅಂಟಿಕೊಳ್ಳುವಂಥ ಜೀವಿಗಳಲ್ಲ ಇವು. ತಾಯಿತಂದೆಯಿಂದ ಮಕ್ಕಳಿಗೆ ಸಾಗಿ ಬರುವಂಥವು.

ಆದರೂ ಜೀವಿಗಳ ವರ್ಗೀಕರಣದಲ್ಲಿ ಗೆದ್ದಲಿಗೆ ಐಸಾಪ್ಟೆರಾ ಎಂಬ ಪ್ರತ್ಯೇಕ ಗಣದ, ಅಂದರೆ ದೊಡ್ಡ ಗುಂಪಿನ, ಪಟ್ಟ ಉಳಿದೇ ಇತ್ತು. 2007ರಲ್ಲಿ ಲಂಡನ್ನಿನ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದ ಸಂಶೋಧಕರು ಡಿಎನ್‌ಎ ಹೋಲಿಸಿ ನೋಡಿದಾಗ ಗೆದ್ದಲು ಜಿರಲೆಗಳ ವಂಶವೃಕ್ಷದ ಪಕ್ಕದಲ್ಲಿ ನಿಲ್ಲದೆ ನಟ್ಟನಡುವೆ, ಕ್ರಿಪ್ಟೊಸರ್ಕಸ್‌ನ ಮಗ್ಗುಲಲ್ಲೇ ಕುಳಿತಿತ್ತು. ಅಲ್ಲಿಗೆ ಪ್ರತ್ಯೇಕ ಗಣ ಹೋಯಿತು. ಇಂದು ಗೆದ್ದಲುಗಳು ಜಿರಲೆಗಳ ಗಣವಾದ ಬ್ಲಾಟೋಡಿಯಾದ ಒಳಗಿನ ಒಂದು ಕವಲು.

ಹಳೆಯ ಚಹರೆ ಇನ್ನೂ ಉಳಿದಿರುವ ಗೆದ್ದಲೊಂದು ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿದೆ: ಮ್ಯಾಸ್ಟೊಟರ್ಮಿಸ್ ಡಾರ್ವಿನಿಯೆನ್ಸಿಸ್. ಉಳಿದ ಗೆದ್ದಲುಗಳು ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟರೆ ಇದು ಜಿರಲೆಯಂತೆ ಒಟ್ಟಿಗೆ ಅಂಟಿಸಿ ಇಡುತ್ತದೆ. ಜಿರಲೆಯ ದೇಹದಲ್ಲಿ ವಂಶಪಾರಂಪರ್ಯವಾಗಿ ಬಂದ ಬ್ಲಾಟಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯಾ ಈಗಲೂ ಇರುವ ಗೆದ್ದಲು ಇದೊಂದೇ.

ಎಷ್ಟು ಹಳೆಯ ವಂಶ?

ಡೈನೋಸಾರ್‌ಗಳ ಕಾಲದ್ದು. ಡಿಎನ್‌ಎ ಲೆಕ್ಕಾಚಾರದ ಪ್ರಕಾರ ಗೆದ್ದಲಿನ ಕವಲು ಒಡೆದದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಸುಮಾರು 13 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳು ಕೈಗೆ ಸಿಕ್ಕಿವೆ. ಮ್ಯಾನ್ಮಾರ್‌ನ ಸುಮಾರು 10 ಕೋಟಿ ವರ್ಷ ಹಳೆಯ ಅಂಬರಿನಲ್ಲಿ, ಅಂದರೆ ಗಟ್ಟಿಯಾದ ಮರದ ಅಂಟಿನಲ್ಲಿ, ಸೈನಿಕ ಗೆದ್ದಲುಗಳೇ ಸಿಕ್ಕಿಬಿದ್ದಿವೆ. ಸೈನಿಕನಿದ್ದ ಮೇಲೆ ಅವನು ಕಾಯುತ್ತಿದ್ದ ಮನೆಯೂ ಇತ್ತು ಎಂದೇ ಅರ್ಥ. ಇರುವೆಗಳ ಅತಿ ಹಳೆಯ ಪಳೆಯುಳಿಕೆಗಳು ಸುಮಾರು 11 ಕೋಟಿ ವರ್ಷದ ಆಚೀಚೆಯವು. ಒಟ್ಟುಕುಟುಂಬದ ವಿದ್ಯೆಯಲ್ಲಿ ಗೆದ್ದಲೇ ಹಿರಿಯ ಎಂದು ತೋರುತ್ತದೆ.

ಒಂಟಿ ಜಿರಲೆ ಸಂಸಾರಸ್ಥನಾದದ್ದು ಏಕೆ?

ಈ ಪುಟದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಕ್ರಿಪ್ಟೊಸರ್ಕಸ್‌ನ ಮನೆಯೊಳಗೆ ಇಣುಕಿದರೆ ಉತ್ತರದ ದೊಡ್ಡ ಭಾಗ ಸಿಗುತ್ತದೆ.

ಮರವನ್ನು ಅರಗಿಸಲು ಕರುಳಿನಲ್ಲಿ ಸೂಕ್ಷ್ಮಜೀವಿಗಳು ಬೇಕು. ಮೊಟ್ಟೆಯಿಂದ ಬಂದ ಮರಿಯ ಕರುಳು ಬರಿದು. ಅದು ತಾಯಿ ಅಥವಾ ತಂದೆಯ ಗುದದಿಂದ ಒಸರುವ ದ್ರವವನ್ನು ಹೀರಿದಾಗಲೇ ಬೇಕಾದ ಜೀವಿಗಳು ಒಳಗೆ ಸೇರುತ್ತವೆ. ಕೇಳಲು ಅಸಹ್ಯ ಎನಿಸಬಹುದು, ಆದರೆ ಆ ಮನೆಯಲ್ಲಿ ಎದೆಹಾಲಿನ ಸ್ಥಾನ ಇದಕ್ಕೇ. ಈ ಜಿರಲೆಯ ಗಂಡುಹೆಣ್ಣು ಜೋಡಿ ಒಂದೇ ದಿಮ್ಮಿಯೊಳಗೆ ವರ್ಷಗಟ್ಟಲೆ ಮರಿಗಳ ಜೊತೆ ಉಳಿಯುತ್ತದೆ.

ಗೆದ್ದಲಿನಲ್ಲಿ ಇನ್ನೊಂದು ತೊಡಕು ಸೇರಿಕೊಂಡಿತು. ಪೊರೆ ಕಳಚುವಾಗ ಕರುಳಿನ ಹಿಂಭಾಗದ ಒಳಪದರವೂ ಕಳಚಿ ಹೋಗುತ್ತದೆ, ಅದರೊಂದಿಗೆ ಸೂಕ್ಷ್ಮಜೀವಿಗಳೂ ಹೋಗುತ್ತವೆ. ಪ್ರತಿ ಬಾರಿ ಪೊರೆ ಕಳಚಿದ ಮೇಲೂ ಮನೆಯವರ ಬಳಿ ಹೋಗಿ ಹೊಸದಾಗಿ ಕಡ ಪಡೆಯಲೇಬೇಕು. ಮನೆ ಬಿಟ್ಟು ಹೋದವನಿಗೆ ಹೊಟ್ಟೆ ತುಂಬ ಮರವಿದ್ದರೂ ಉಪವಾಸ. ಜೊತೆಗೆ ದಿಮ್ಮಿಯೇ ಮನೆ, ದಿಮ್ಮಿಯೇ ಅನ್ನ. ಹೊರಗೆ ಕಾಲಿಟ್ಟರೆ ಬಿಸಿಲು, ಒಣಗಾಳಿ, ಬೇಟೆಗಾರರು. ಹೀಗೆ ದೊಡ್ಡ ಮರಿಗಳು ಮನೆಯಲ್ಲೇ ಉಳಿದವು, ಹಾಗೆ ಉಳಿದವು ತಮ್ಮ-ತಂಗಿಯರನ್ನು ಸಾಕಿದವು, ಸಾಕುವುದೇ ಕೆಲವಕ್ಕೆ ಜೀವಮಾನದ ಕೆಲಸವಾಯಿತು.

ಇರುವೆ ಮತ್ತು ಜೇನಿನ ಸಮಾಜವನ್ನು ವಿವರಿಸಲು ಅವುಗಳ ವಿಚಿತ್ರ ವಂಶವಾಹಿ ಲೆಕ್ಕವನ್ನು ಮುಂದಿಡುವುದುಂಟು: ಅಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ಹಾಗಾಗಿ ಅಕ್ಕತಂಗಿಯರ ನಡುವಿನ ರಕ್ತಸಂಬಂಧ ಮಾಮೂಲಿಗಿಂತ ಗಾಢ. ಗೆದ್ದಲಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನಮ್ಮ ಹಾಗೆಯೇ ಗಂಡಿಗೂ ಹೆಣ್ಣಿಗೂ ತಾಯಿತಂದೆ ಇಬ್ಬರಿಂದ ವಂಶವಾಹಿಗಳು ಬರುತ್ತವೆ. ಆದ್ದರಿಂದಲೇ ಗೆದ್ದಲಿನ ಗೂಡಿನಲ್ಲಿ ದುಡಿಯುವವರಲ್ಲಿ ಗಂಡುಗಳೂ ಇವೆ, ಹೆಣ್ಣುಗಳೂ ಇವೆ. ಜೇನುಗೂಡಿನಲ್ಲಿ ಗಂಡಿನ ಸೋಮಾರಿತನ ಲೋಕಪ್ರಸಿದ್ಧ. ಇಲ್ಲಿ ಆ ಸವಲತ್ತು ಇಲ್ಲ.

ಮರ ತಿಂದು ಬದುಕುವುದು ಅಷ್ಟು ಕಷ್ಟವೇ?

ಮರದಲ್ಲಿ ಸಕ್ಕರೆ ಬೇಕಾದಷ್ಟಿದೆ, ಆದರೆ ಅದು ಸೆಲ್ಯುಲೋಸ್ ಎಂಬ ಸರಪಳಿಯಲ್ಲಿ ಬಿಗಿದು, ಲಿಗ್ನಿನ್ ಎಂಬ ಗಾರೆಯಲ್ಲಿ ಹುದುಗಿದೆ. ಹೆಚ್ಚಿನ ಪ್ರಾಣಿಗಳಿಗೆ ಆ ಬೀಗ ತೆಗೆಯಲು ಬರುವುದಿಲ್ಲ. ಕರುಳಿನ ಏಕಕೋಶ ಜೀವಿಗಳನ್ನು ಕೊಂದರೆ ಗೆದ್ದಲು ಮರ ತಿನ್ನುತ್ತಲೇ ಹಸಿವಿನಿಂದ ಸಾಯುತ್ತದೆ ಎಂದು 1920ರ ದಶಕದಲ್ಲಿ ತೋರಿಸಿದವರೂ ಅದೇ ಕ್ಲೀವ್‌ಲ್ಯಾಂಡ್. ಬಹುಕಾಲ ಎಲ್ಲ ಕೀರ್ತಿಯೂ ಆ ಜೀವಿಗಳಿಗೇ ಸಂದಿತ್ತು. 1998ರಲ್ಲಿ ಜಪಾನಿನ ಸಂಶೋಧಕರು ಗೆದ್ದಲಿನ ಸ್ವಂತ ವಂಶವಾಹಿಯಲ್ಲೇ ಸೆಲ್ಯುಲೋಸ್ ಒಡೆಯುವ ಕಿಣ್ವವಿರುವುದನ್ನು ತೋರಿಸಿದರು. ಈಗ ಇದನ್ನು ಪಾಲುದಾರಿಕೆ ಎನ್ನಬಹುದು: ಹುಳು ಕಡಿದು, ಅರೆದು, ಒಂದಿಷ್ಟು ಒಡೆಯುತ್ತದೆ, ಉಳಿದದ್ದು ಹಿಂಗರುಳಿನ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿಂದ ಬರುವ ಅಸಿಟೇಟ್ ಹುಳುವಿನ ಮುಖ್ಯ ಇಂಧನ.

ಆ ಕಾರ್ಖಾನೆಯ ಒಬ್ಬ ಕೆಲಸಗಾರನನ್ನು ಪರಿಚಯಿಸದೆ ಮುಂದೆ ಹೋಗಲಾರೆ. ಮ್ಯಾಸ್ಟೊಟರ್ಮಿಸ್‌ನ ಕರುಳಿನಲ್ಲಿ ಮಿಕ್ಸೊಟ್ರೈಕಾ ಪ್ಯಾರಡಾಕ್ಸಾ ಎಂಬ ಏಕಕೋಶ ಜೀವಿಯಿದೆ. ಮೈತುಂಬ ರೋಮವಿರುವಂತೆ ಕಾಣುತ್ತದೆ. ಆ ರೋಮಗಳು ಅದರವಲ್ಲ. ಮೈಗೆ ಅಂಟಿಕೊಂಡ ಲಕ್ಷಗಟ್ಟಲೆ ಸುರುಳಿ ಬ್ಯಾಕ್ಟೀರಿಯಾಗಳು. ಅವು ಒಟ್ಟಾಗಿ ಬಳುಕಿ ಯಜಮಾನನನ್ನು ಈಜಿಸುತ್ತವೆ. ಅದರ ಸ್ವಂತ ಚಾಟಿಗಳು ನಾಲ್ಕೇ, ಅವು ಚುಕ್ಕಾಣಿಗೆ ಮಾತ್ರ. ಗೆದ್ದಲಿನೊಳಗೆ ಒಂದು ಜೀವಿ, ಅದರ ಮೇಲೆ ಸವಾರರು, ಅದರೊಳಗೆ ಮತ್ತೆ ಬ್ಯಾಕ್ಟೀರಿಯಾಗಳು!

ಇನ್ನೊಂದು ಕೊರತೆ ಸಾರಜನಕದ್ದು. ಮರದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ, ದ್ವಿದಳ ಗಿಡದ ಬೇರಿನ ಗಂಟುಗಳಲ್ಲಿ ನಡೆಯುವಂತೆಯೇ. ಜೊತೆಗೆ ಗೆದ್ದಲು ಏನನ್ನೂ ದಂಡ ಮಾಡುವುದಿಲ್ಲ. ಕಳಚಿದ ಪೊರೆ, ಸತ್ತ ಬಂಧು, ಎಲ್ಲವೂ ಮತ್ತೆ ಊಟಕ್ಕೆ.

ಎಲ್ಲ ಗೆದ್ದಲುಗಳೂ ಮರವನ್ನೇ ತಿನ್ನುತ್ತವೆಯೇ?

ಇಲ್ಲ. ಈವರೆಗೆ ಹೆಸರಿಟ್ಟಿರುವ ಸುಮಾರು 3,000 ಪ್ರಭೇದಗಳಲ್ಲಿ ಮುಕ್ಕಾಲು ಪಾಲಿನಷ್ಟು ಟರ್ಮಿಟಿಡೇ ಎಂಬ ಒಂದೇ ಕುಟುಂಬದವು. ಈ ಕುಟುಂಬ ಹಳೆಯ ಏಕಕೋಶ ಜೀವಿಗಳನ್ನು ಪೂರ್ತಿ ಬಿಟ್ಟುಕೊಟ್ಟು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಸಹವಾಸ ಹಿಡಿಯಿತು. ಅದರಿಂದ ಊಟದ ಎಲೆ ದೊಡ್ಡದಾಯಿತು: ಒಣಹುಲ್ಲು, ತರಗೆಲೆ, ಸಗಣಿ, ಕಲ್ಲುಹೂವು, ಕೊನೆಗೆ ಬರಿಯ ಮಣ್ಣು. ಮಣ್ಣು ತಿನ್ನುವ ಕೆಲವು ಗೆದ್ದಲುಗಳ ಕರುಳಿನ ಒಂದು ಭಾಗದಲ್ಲಿ ಕ್ಷಾರತೆಯ ಪಿಎಚ್ ಮಟ್ಟ 12 ದಾಟುತ್ತದೆ. ಯಾವುದೇ ಪ್ರಾಣಿಯ ದೇಹದೊಳಗೆ ಅಳೆದ ಅತಿ ಹೆಚ್ಚಿನ ಮಟ್ಟಗಳಲ್ಲಿ ಇದೂ ಒಂದು. ಮಣ್ಣಿನ ಕಣಕ್ಕೆ ಕಚ್ಚಿಕೊಂಡ ಸಾರವನ್ನು ಬಿಡಿಸಿಕೊಳ್ಳಲು ಅಂಥ ಕ್ಷಾರವೇ ಬೇಕು.

ರಾಣಿ ಆಳುತ್ತಾಳೆಯೇ?

ಆಳುವುದಿಲ್ಲ, ಹೆರುತ್ತಾಳೆ. ಮ್ಯಾಕ್ರೊಟರ್ಮಿಸ್‌ನಂಥ ಗೆದ್ದಲುಗಳಲ್ಲಿ ರಾಣಿಯ ಹೊಟ್ಟೆ ಊದಿ ಊದಿ ಒಟ್ಟು ಉದ್ದ ಸುಮಾರು 10 ಸೆಂಟಿಮೀಟರ್ ಆಗುತ್ತದೆ. ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ ಇಡುವ ಆಕೆ ತಾನಾಗಿ ಸರಿಯಾಗಿ ಹೊರಳಲೂ ಆರಳು. ಉಣಿಸುವವರು, ಒರೆಸುವವರು, ಮೊಟ್ಟೆ ಹೊರುವವರು ಎಲ್ಲ ಕೆಲಸಗಾರರೇ. ಆಕೆಯ ಮೈಯಿಂದ ಹೊಮ್ಮುವ ರಾಸಾಯನಿಕಗಳು ಇತರರು ರಾಣಿಯಾಗುವುದನ್ನು ತಡೆಯುತ್ತವೆ ಎಂಬುದು ನಿಜ, ಆದರೆ ಯಾರಿಗೂ ಅಪ್ಪಣೆ ಹೋಗುವುದಿಲ್ಲ. ಕೆಲವು ಪ್ರಭೇದಗಳ ರಾಣಿಯರು ಹತ್ತಾರು ವರ್ಷ ಬದುಕುತ್ತಾರೆ. ಹುಳುಗಳ ಲೋಕದಲ್ಲಿ ಅದು ಅಪರೂಪದ ಆಯುಷ್ಯ.

ರಾಜನೂ ಇದ್ದಾನಂತೆ?

ಇದ್ದಾನೆ. ಇರುವೆ, ಜೇನುಗಳಲ್ಲಿ ಗಂಡು ಕೂಡಿ ಸಾಯುತ್ತದೆ. ಗೆದ್ದಲಿನ ರಾಜ ರಾಣಿಯ ಮಗ್ಗುಲಲ್ಲೇ ಉಳಿದು ಜೀವನಪರ್ಯಂತ ಆಗಾಗ ಕೂಡುತ್ತಾನೆ. ಇದಕ್ಕೊಂದು ಅಪವಾದ ಜಪಾನಿನಲ್ಲಿದೆ: ಗ್ಲಿಪ್ಟೊಟರ್ಮಿಸ್ ನಕಜಿಮೈ ಎಂಬ ಗೆದ್ದಲಿನ ಕೆಲವು ಗೂಡುಗಳಲ್ಲಿ ಗಂಡೇ ಇಲ್ಲ, ಸೈನಿಕರೂ ಸೇರಿ ಎಲ್ಲವೂ ಹೆಣ್ಣು. 2018ರಲ್ಲಿ ಇದು ವರದಿಯಾಯಿತು.

ಸೈನಿಕ ಗೆದ್ದಲು ಏನು ಮಾಡುತ್ತದೆ?

ಕಾವಲು, ಮತ್ತು ಬಹುಮಟ್ಟಿಗೆ ಇರುವೆಗಳ ವಿರುದ್ಧ. ದವಡೆ ಎಷ್ಟು ದೊಡ್ಡದೆಂದರೆ ತಾನಾಗಿ ಉಣ್ಣಲು ಆಗುವುದಿಲ್ಲ. ಕೆಲಸಗಾರರೇ ತುತ್ತು ಕೊಡಬೇಕು. ಕೆಲವು ಪ್ರಭೇದಗಳಲ್ಲಿ ದವಡೆಯ ಬದಲು ತಲೆಯೇ ಪಿಚಕಾರಿ. ಮೂತಿಯಿಂದ ಅಂಟುದ್ರವ ಚಿಮ್ಮುತ್ತದೆ. ಇನ್ನು ಕೆಲವಕ್ಕೆ ತಲೆಯೇ ಬಿರಡೆ, ಸುರಂಗದ ಬಾಯಿಗೆ ಸರಿಯಾಗಿ ಕೂರುತ್ತದೆ.

ಫ್ರೆಂಚ್ ಗಯಾನಾದ ನಿಯೋಕ್ಯಾಪ್ರಿಟರ್ಮಿಸ್ ತಾರಾಕ್ವಾ ಎಂಬ ಗೆದ್ದಲಿನ ಕಥೆ ಬೇರೆ. ಅಲ್ಲಿ ಸ್ಫೋಟಿಸುವುದು ಮುದಿ ಕೆಲಸಗಾರರು. ವಯಸ್ಸಾದಂತೆ ಅವುಗಳ ಬೆನ್ನಿನ ಚೀಲಗಳಲ್ಲಿ ನೀಲಿ ಹರಳುಗಳು ಶೇಖರವಾಗುತ್ತವೆ. ದವಡೆ ಸವೆದು ದುಡಿಮೆಗೆ ಬಾರದಂತಾದಾಗ ಹರಳು ಅತಿ ಹೆಚ್ಚಿರುತ್ತದೆ. ಶತ್ರು ಕಚ್ಚಿದರೆ ಮೈ ಒಡೆದು, ಹರಳು ಜೊಲ್ಲುಗ್ರಂಥಿಯ ದ್ರವದೊಡನೆ ಬೆರೆತು ವಿಷವಾಗುತ್ತದೆ.

ಸೈನ್ಯ ಎಲ್ಲರಿಗೂ ಬೇಕೇ ಬೇಕು ಎಂದೇನೂ ಇಲ್ಲ. ಮಣ್ಣು ತಿನ್ನುವ ಹಲವು ಗೆದ್ದಲುಗಳು ಸೈನಿಕರನ್ನೇ ಕೈಬಿಟ್ಟಿವೆ.

ಮಳೆ ಬಂದ ಸಂಜೆ ದೀಪಕ್ಕೆ ಮುತ್ತುವ ಮಳೆಹುಳುಗಳು ಗೆದ್ದಲುಗಳೇ?

ಬಹುಪಾಲು ಹೌದು. ಅವು ಮದುವೆಗೆ ಹೊರಟ ರಾಜಕುಮಾರ, ರಾಜಕುಮಾರಿಯರು. ಒಂದೇ ಪ್ರಭೇದದ ಹಲವು ಗೂಡುಗಳು ಒಂದೇ ಹೊತ್ತಿಗೆ ಬಾಗಿಲು ತೆರೆಯುವುದರಿಂದ ಬೇರೆ ಮನೆಯ ಜೋಡಿ ಸಿಗುವ ಅವಕಾಶ ಹೆಚ್ಚು, ತಿನ್ನುವವರು ಎಷ್ಟೇ ಬಂದರೂ ಒಂದಿಷ್ಟು ಉಳಿಯುವ ಅವಕಾಶವೂ ಹೆಚ್ಚು. ನೆಲಕ್ಕಿಳಿದೊಡನೆ ರೆಕ್ಕೆಯನ್ನು ಬುಡದ ಗೆರೆಯಲ್ಲಿ ಮುರಿದು ಉದುರಿಸುತ್ತವೆ. ಹೆಣ್ಣು ಮುಂದೆ, ಗಂಡು ಅದರ ಬೆನ್ನಿಗೆ, ಹೀಗೆ ಜಾಗ ಹುಡುಕಿ ಗುಂಡಿ ತೋಡಿ ಬಾಗಿಲು ಮುಚ್ಚಿಕೊಳ್ಳುತ್ತವೆ. ಮೊದಲ ಮರಿಗಳನ್ನು ಸಾಕುವವರು ಇಬ್ಬರೇ. ಬೆಳಿಗ್ಗೆ ಅಂಗಳದಲ್ಲಿ ಬಿದ್ದಿರುವ ರೆಕ್ಕೆಗಳ ರಾಶಿಗೆ ಹೋಲಿಸಿದರೆ ಹೀಗೆ ಗೂಡು ಹೂಡುವ ಜೋಡಿಗಳು ಬೆರಳೆಣಿಕೆಯಷ್ಟು.

ಗೆದ್ದಲು ಅಣಬೆ ಬೆಳೆಯುತ್ತದೆ ಎಂಬುದು ನಿಜವೇ?

ನಿಜ, ಮತ್ತು ಮನುಷ್ಯ ನೇಗಿಲು ಹಿಡಿಯುವುದಕ್ಕೆ ಸುಮಾರು 3 ಕೋಟಿ ವರ್ಷ ಮೊದಲಿನಿಂದ. ಮ್ಯಾಕ್ರೊಟರ್ಮಿಟಿನೇ ಎಂಬ ಉಪಕುಟುಂಬದ ಗೆದ್ದಲುಗಳು ಆಫ್ರಿಕಾದ ಮಳೆಕಾಡಿನಲ್ಲಿ ಈ ಕೃಷಿ ಆರಂಭಿಸಿದವು. ಟಾಂಜಾನಿಯಾದ ಬಂಡೆಗಳಲ್ಲಿ 2.5 ಕೋಟಿ ವರ್ಷ ಹಳೆಯ ಶಿಲೀಂಧ್ರ ತೋಟದ ಪಳೆಯುಳಿಕೆಯೇ ಸಿಕ್ಕಿದೆ. ಅಲ್ಲಿಂದ ಏಷ್ಯಾಕ್ಕೆ ಹಬ್ಬಿದವು; ಅಮೆರಿಕ ಖಂಡಗಳಿಗಾಗಲಿ ಆಸ್ಟ್ರೇಲಿಯಾಕ್ಕಾಗಲಿ ಹೋಗಲಿಲ್ಲ. ಅಮೆರಿಕದಲ್ಲಿ ಶಿಲೀಂಧ್ರ ಬೆಳೆಯುವವು ಇರುವೆಗಳು, ಅವುಗಳ ಕೃಷಿ ಸ್ವತಂತ್ರವಾಗಿ ಹುಟ್ಟಿದ್ದು.

ಕೆಲಸ ನಡೆಯುವುದು ಹೀಗೆ. ಹೊರಗಿನಿಂದ ತಂದ ಒಣಸೊಪ್ಪು, ಮರವನ್ನು ಕಿರಿಯ ಕೆಲಸಗಾರರು ತಿನ್ನುತ್ತಾರೆ, ಜೊತೆಗೆ ಶಿಲೀಂಧ್ರದ ಬೀಜಕಣಗಳನ್ನೂ. ಅರೆಬರೆ ಅರಗಿದ ಹಿಕ್ಕೆಯನ್ನು ಮೆದುಳಿನಂತೆ ಮಡಿಕೆ ಮಡಿಕೆಯಾದ ತೋಟದ ಮೇಲೆ ಹಾಕುತ್ತಾರೆ. ಬೀಜವೂ ಗೊಬ್ಬರವೂ ಒಟ್ಟಿಗೇ ಬಿತ್ತನೆ! ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಅದರ ಮೇಲೆ ಬೆಳೆದು ಲಿಗ್ನಿನ್ ಗಾರೆಯನ್ನು ಸಡಿಲಿಸುತ್ತದೆ, ಸಾಸಿವೆಯಂಥ ಬಿಳಿ ಗಂಟುಗಳನ್ನು ಬಿಡುತ್ತದೆ. ಗಂಟುಗಳು ಕಿರಿಯರ ಊಟ. ತೋಟದ ಹಳೆಯ ಭಾಗ ಹಿರಿಯರ ಊಟ. ಮೇಲಿನಿಂದ ಹಾಕುತ್ತಾ, ಕೆಳಗಿನಿಂದ ತಿನ್ನುತ್ತಾ ಹೋದಂತೆ ತೋಟ ಸದಾ ಹೊಸದು.

ಕಳೆಯೂ ಇದೆ. ಸ್ಯೂಡೋಕ್ಸೈಲೇರಿಯಾ ಎಂಬ ಇನ್ನೊಂದು ಶಿಲೀಂಧ್ರ ತೋಟದಲ್ಲೇ ಹೊಂಚು ಹಾಕಿರುತ್ತದೆ. ಗೆದ್ದಲುಗಳಿರುವಷ್ಟು ದಿನ ತಲೆಯೆತ್ತುವುದಿಲ್ಲ. ಅವುಗಳನ್ನು ತೆಗೆದು ತೋಟವನ್ನು ಮಾತ್ರ ಇಟ್ಟು ನೋಡಿದರೆ ಕೆಲವೇ ದಿನಗಳಲ್ಲಿ ಎಲ್ಲವೂ ಅದರ ಪಾಲು.

ಹುತ್ತದ ಬಳಿ ಮಳೆಗಾಲದಲ್ಲಿ ಏಳುವ ಅಣಬೆ ಈ ತೋಟದ ಫಲವೇ. ಹೊಸದಾಗಿ ಹೂಡಿದ ಬಹುತೇಕ ಗೂಡುಗಳು ತಮ್ಮ ಮೊದಲ ಬೀಜಕಣಗಳನ್ನು ಪಡೆಯುವುದು ಇಂಥ ಅಣಬೆಗಳು ಚೆಲ್ಲಿದ್ದರಿಂದ. ಆಫ್ರಿಕಾದ ಟರ್ಮಿಟೊಮೈಸಿಸ್ ಟೈಟಾನಿಕಸ್‌ನ ಕೊಡೆ ಒಂದು ಮೀಟರ್ ಅಗಲ ಬೆಳೆಯುತ್ತದೆ. ಒಮ್ಮೆ ಈ ಕೃಷಿಗೆ ಇಳಿದ ಯಾವ ಗೆದ್ದಲೂ ಅದನ್ನು ಬಿಟ್ಟ ಉದಾಹರಣೆ ಇಲ್ಲ.

ಹುತ್ತ ಹೇಗೆ ಉಸಿರಾಡುತ್ತದೆ?

ಮೊದಲು ಒಂದು ತಪ್ಪು ತಿದ್ದಬೇಕು. ಹುತ್ತದ ಗೋಪುರದಲ್ಲಿ ಗೆದ್ದಲುಗಳು ಸಾಮಾನ್ಯವಾಗಿ ವಾಸಿಸುವುದಿಲ್ಲ. ರಾಣಿಯ ಕೋಣೆ, ಮರಿಗಳು, ತೋಟ ಎಲ್ಲವೂ ನೆಲಮಟ್ಟದ ಸುತ್ತ ಅಥವಾ ಅದರ ಕೆಳಗೆ. ಲಕ್ಷಗಟ್ಟಲೆ ಹುಳುಗಳೂ ಶಿಲೀಂಧ್ರವೂ ಸೇರಿ ಬಿಡುವ ಇಂಗಾಲದ ಡೈಆಕ್ಸೈಡನ್ನು ಹೊರದೂಡುವ ಶ್ವಾಸಕೋಶವೇ ಮೇಲಿನ ಗೋಪುರ.

ಒಳಗಿನ ಬಿಸಿಗಾಳಿ ಚಿಮಣಿಯಲ್ಲಿ ಮೇಲೇರಿ ತಣ್ಣಗಾಗಿ ಬದಿಯಿಂದ ಇಳಿಯುತ್ತದೆ ಎಂಬುದು 1960ರ ದಶಕದಿಂದ ಇದ್ದ ವಿವರಣೆ. ಅದರಿಂದ ಸ್ಫೂರ್ತಿ ಪಡೆದು ಜಿಂಬಾಬ್ವೆಯ ಹರಾರೆಯಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ 1996ರಲ್ಲಿ ಮಾಮೂಲಿ ಹವಾನಿಯಂತ್ರಣವಿಲ್ಲದ ಈಸ್ಟ್‌ಗೇಟ್ ಕಟ್ಟಡವನ್ನು ನಿರ್ಮಿಸಿದರು. ಕಟ್ಟಡ ಚೆನ್ನಾಗಿಯೇ ನಡೆಯಿತು, ಆದರೆ ಹುತ್ತಗಳು ಹಾಗೆ ನಡೆಯುತ್ತಿರಲಿಲ್ಲ ಎಂಬುದು ಇದರ ತಮಾಷೆ. ಭಾರತದಲ್ಲಿ ಸಾಮಾನ್ಯವಾದ ಒಡೊಂಟೊಟರ್ಮಿಸ್ ಒಬೆಸಸ್‌ನ ಹುತ್ತಗಳೊಳಗೆ ಗಾಳಿಯ ಚಲನೆಯನ್ನೇ ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ಹಗಲು ಹುತ್ತದ ಹೊರಗಿನ ತೆಳು ಮಡಿಕೆಗಳು ನಡುವಿನ ಕೊಳವೆಗಿಂತ ಬೇಗ ಬಿಸಿಯಾಗುತ್ತವೆ. ಗಾಳಿ ಅಂಚಿನಲ್ಲಿ ಏರಿ ನಡುವಿನಲ್ಲಿ ಇಳಿಯುತ್ತದೆ. ರಾತ್ರಿ ಅಂಚು ಬೇಗ ತಣಿಯುತ್ತದೆ, ಸುತ್ತು ತಿರುಗುಮುರುಗು. ಹಗಲಿಡೀ ಕೂಡಿದ ಇಂಗಾಲದ ಡೈಆಕ್ಸೈಡ್ ರಾತ್ರಿ ಇಳಿಯುತ್ತದೆ. ಗೋಡೆಯ ಕಣ್ಣಿಗೆ ಕಾಣದ ರಂಧ್ರಗಳ ಮೂಲಕವೇ ಅನಿಲ ಆಚೀಚೆ ಹೋಗುತ್ತದೆ. ಹಗಲುರಾತ್ರಿಯ ತಾಪದ ಏರಿಳಿತವೇ ಇಲ್ಲಿ ಬೀಸಣಿಗೆ. ಗಾಳಿ ಹೆಚ್ಚಿರುವ ಬಯಲುಗಳ ಹುತ್ತಗಳಲ್ಲಿ ಗಾಳಿಯ ಒತ್ತಡವೂ ಕೆಲಸ ಮಾಡುತ್ತದೆ.

ಗಟ್ಟಿತನದ ಮಾತೂ ಬಂತು. ಗೆದ್ದಲು ಜೊಲ್ಲು ಬೆರೆಸಿ ಉಂಡೆ ಕಟ್ಟಿ ಜೋಡಿಸಿದ ಮಣ್ಣು ಸುತ್ತಲಿನ ಮಣ್ಣಿಗಿಂತ ಸುಮಾರು ಹತ್ತು ಪಟ್ಟು ಬಲವಾಗಿರುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಳೆದು ತೋರಿಸಿದ್ದಾರೆ. ಇಷ್ಟೆಲ್ಲಕ್ಕೂ ನಕ್ಷೆಯಿಲ್ಲ, ಮೇಸ್ತ್ರಿಯಿಲ್ಲ, ಕೆಲಸಗಾರರಿಗೆ ಕಣ್ಣೂ ಇಲ್ಲ. ಪಕ್ಕದ ಉಂಡೆ, ತೇವ, ವಾಸನೆ, ಗಾಳಿಯ ಸುಳಿ ಇಷ್ಟೇ ಸೂಚನೆ.

ಹುತ್ತ ಕಟ್ಟಿದ್ದು ಹಾವೇ?

ಹಾವಿಗೆ ಅಗೆಯುವ ಕೈಯಿಲ್ಲ. ಬಿಟ್ಟುಹೋದ ಅಥವಾ ಬಿರುಕುಬಿಟ್ಟ ಹುತ್ತದಲ್ಲಿ ಅದು ಬಂದು ಸೇರುತ್ತದೆ. ಒಳಗೆ ತಂಪು, ತೇವ, ಇಲಿಯೂ ಸಿಗಬಹುದು. ಉಡ, ಹಲ್ಲಿ, ಕಪ್ಪೆ, ಮುಂಗುಸಿಗಳೂ ಇದೇ ರೀತಿಯ ಒಕ್ಕಲು.

ಹುತ್ತಗಳು ಎಷ್ಟು ವರ್ಷ ಬಾಳುತ್ತವೆ?

ಬ್ರೆಜಿಲ್‌ನ ಈಶಾನ್ಯದ ಕುರುಚಲು ಕಾಡಿನಲ್ಲಿ ಸುಮಾರು 20 ಕೋಟಿ ಮಣ್ಣಿನ ದಿಬ್ಬಗಳಿವೆ. ಒಂದೊಂದು ಎರಡೂವರೆ ಮೀಟರ್ ಎತ್ತರ, 9 ಮೀಟರ್ ಅಗಲ. ಒಟ್ಟು ಹರವು ಗ್ರೇಟ್ ಬ್ರಿಟನ್ನಿನಷ್ಟು. 2018ರಲ್ಲಿ ಪ್ರಕಟವಾದ ಕಾಲನಿರ್ಣಯದಂತೆ ಕೆಲವು 3,800 ವರ್ಷ ದಾಟಿವೆ. ಇವು ಗೂಡುಗಳಲ್ಲ, ಸುರಂಗ ತೋಡಿದ ಗೆದ್ದಲು ಹೊರಹಾಕಿದ ಮಣ್ಣಿನ ರಾಶಿ. ದಕ್ಷಿಣ ಆಫ್ರಿಕಾದ ನಾಮಾಕ್ವಾಲ್ಯಾಂಡಿನಲ್ಲಿ ಇಂದಿಗೂ ಗೆದ್ದಲು ವಾಸಿಸುವ ದಿಬ್ಬಗಳ ವಯಸ್ಸು 34,000 ವರ್ಷದವರೆಗೆ ಹೋಗುತ್ತದೆ ಎಂದು 2024ರಲ್ಲಿ ವರದಿಯಾಯಿತು. ಹಿಮಯುಗ ಮುಗಿಯುವ ಮೊದಲಿನ ಮನೆ ಅದು.

ಗೆದ್ದಲಿನಿಂದ ನೆಲಕ್ಕೆ ಏನು ಲಾಭ?

ಎರೆಹುಳು ರೈತನ ಮಿತ್ರ ಎಂದು ಮಕ್ಕಳಿಗೂ ಗೊತ್ತು. ಬಿಸಿ, ಒಣ ಪ್ರದೇಶಗಳಲ್ಲಿ ಎರೆಹುಳು ಬದುಕಲಾರದ ಕಡೆ ಅದೇ ಕೆಲಸ ಮಾಡುವುದು ಗೆದ್ದಲು, ಆದರೆ ಹೊಗಳಿಕೆ ಮಾತ್ರ ಇದರ ಪಾಲಿಗಿಲ್ಲ. ಸುರಂಗಗಳ ಮೂಲಕ ಮಳೆನೀರು ಇಂಗುತ್ತದೆ. ಆಳದ ಜೇಡಿ, ಖನಿಜಗಳು ಮೇಲೆ ಬರುತ್ತವೆ. ಬಿದ್ದ ಮರ, ತರಗೆಲೆ ಮತ್ತೆ ಗಿಡದ ಆಹಾರವಾಗುತ್ತವೆ.

ಪಶ್ಚಿಮ ಆಸ್ಟ್ರೇಲಿಯಾದ ಒಣ ಹೊಲಗಳಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇರುವೆ ಮತ್ತು ಗೆದ್ದಲುಗಳನ್ನು ಉಳಿಸಿದ ಗೋಧಿ ಹೊಲದ ಇಳುವರಿ, ಕೀಟನಾಶಕ ಹಾಕಿ ಅವನ್ನು ತೆಗೆದ ಹೊಲಕ್ಕಿಂತ ಶೇ 36 ಹೆಚ್ಚಿತ್ತು. ಬೋರ್ನಿಯೊದ ಮಳೆಕಾಡಿನಲ್ಲಿ 2015–16ರ ಎಲ್ ನಿನೊ ಬರಗಾಲ ಬಂದಾಗ ಗೆದ್ದಲುಗಳ ಸಂಖ್ಯೆ ಹೆಚ್ಚಿತು. ಅವಿದ್ದ ಕಡೆ ಮಣ್ಣಿನ ತೇವ ಹೆಚ್ಚು ಉಳಿಯಿತು, ನೆಟ್ಟ ಸಸಿಗಳೂ ಹೆಚ್ಚು ಬದುಕಿದವು. ಕೀನ್ಯಾದ ಹುಲ್ಲುಗಾವಲುಗಳಲ್ಲಿ ಹುತ್ತಗಳು ಅಳೆದಿಟ್ಟಂತೆ ಸಮ ಅಂತರದಲ್ಲಿವೆ. ಅಕ್ಕಪಕ್ಕದ ಗೂಡುಗಳ ಗಡಿಜಗಳದ ಫಲ ಅದು. ಒಂದೊಂದು ಹುತ್ತದ ಸುತ್ತಲೂ ಹುಲ್ಲು, ಮರ, ಹುಳು, ಹಲ್ಲಿ ಎಲ್ಲವೂ ದಟ್ಟ.

ಇದನ್ನು ಪ್ರಯೋಗಾಲಯಕ್ಕಿಂತ ಮೊದಲೇ ಬಳಸಿಕೊಂಡ ರೈತರಿದ್ದಾರೆ. ಬುರ್ಕಿನಾ ಫಾಸೋದ ಯಾಕೂಬಾ ಸವಡೋಗೊ 1980ರ ದಶಕದಲ್ಲಿ ಬಂಡೆಯಂತೆ ಗಟ್ಟಿಯಾದ ನೆಲದಲ್ಲಿ ಬೇಸಿಗೆಯಲ್ಲೇ ಗುಂಡಿ ತೋಡಿ, ಗೊಬ್ಬರ, ಕಸಕಡ್ಡಿ ತುಂಬಿದರು. ಜಾಯ್ ಎಂಬ ಹಳೆಯ ಪದ್ಧತಿಯನ್ನು ಅವರು ಸುಧಾರಿಸಿದ ಬಗೆ ಅದು. ಗೊಬ್ಬರದ ವಾಸನೆಗೆ ಗೆದ್ದಲು ಬಂದು ನೆಲವನ್ನು ತೂತು ಮಾಡಿದವು, ಮಳೆ ಬಂದಾಗ ನೀರು ನಿಂತು ಇಂಗಿತು, ಜೋಳ, ಸಜ್ಜೆ ಬೆಳೆದವು, ಕಾಲಕ್ರಮದಲ್ಲಿ ಕಾಡೇ ಎದ್ದಿತು. ಗೆದ್ದಲನ್ನು ಕೂಲಿಗೆ ಕರೆದ ಈ ರೈತ 2023ರಲ್ಲಿ ತೀರಿಕೊಂಡರು.

ಗೆದ್ದಲನ್ನು ಯಾರು ತಿನ್ನುತ್ತಾರೆ?

ಯಾರು ತಿನ್ನುವುದಿಲ್ಲ ಎಂದು ಕೇಳುವುದು ಸುಲಭ. ಚಿಪ್ಪುಹಂದಿ, ಕರಡಿ, ಆಫ್ರಿಕಾದ ಆರ್ಡ್‌ವಾರ್ಕ್, ದಕ್ಷಿಣ ಅಮೆರಿಕದ ಇರುವೆಭಕ್ಷಕ, ಆಸ್ಟ್ರೇಲಿಯಾದ ನಂಬ್ಯಾಟ್, ಹಕ್ಕಿಗಳು, ಕಪ್ಪೆಗಳು. ಕತ್ತೆಕಿರುಬನ ಬಂಧುವಾದ ಆರ್ಡ್‌ವುಲ್ಫ್ ಒಂದೇ ರಾತ್ರಿ ಸುಮಾರು 3 ಲಕ್ಷ ಗೆದ್ದಲು ನೆಕ್ಕಬಲ್ಲದು. ಹುತ್ತವನ್ನು ಮಾತ್ರ ಕೆಡವುವುದಿಲ್ಲ, ನಾಳೆಯೂ ಊಟ ಬೇಕಲ್ಲ. 1960ರಲ್ಲಿ ಈಗಿನ ಟಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಚಿಂಪಾಂಜಿಯೊಂದು ಹುಲ್ಲುಕಡ್ಡಿ ಇಳಿಬಿಟ್ಟು ಗೆದ್ದಲು ಹಿಡಿಯುವುದನ್ನು ಚಿಂಪಾಂಜಿಗಳ ಸಂಶೋಧಕಿ ಜೇನ್ ಗುಡಾಲ್ ಕಂಡರು. ಉಪಕರಣ ಬಳಸುವುದು ಮನುಷ್ಯನಿಗೆ ಮಾತ್ರ ಸಾಧ್ಯ ಎಂಬ ನಂಬಿಕೆ ಅಲ್ಲಿಗೆ ಕುಸಿಯಿತು.

ನಿಜವಾದ ವೈರಿ ಇರುವೆ. ಆಫ್ರಿಕಾದ ಮೆಗಾಪೊನೆರಾ ಇರುವೆಗಳು ಸಾಲು ಕಟ್ಟಿ ಗೆದ್ದಲಿನ ಮೇಲೆ ದಾಳಿ ಮಾಡಿ, ಗಾಯಗೊಂಡ ಸಂಗಾತಿಗಳನ್ನು ಹೊತ್ತು ತಂದು ಶುಶ್ರೂಷೆ ಕೂಡ ಮಾಡುತ್ತವೆ.

ಗೆದ್ದಲಿನಿಂದ ಭೂಮಿ ಬಿಸಿಯಾಗುತ್ತಿದೆಯಂತೆ, ಹೌದೇ?

ಗೆದ್ದಲಿನ ಕರುಳಿನಲ್ಲಿ ಮೀಥೇನ್ ಹುಟ್ಟುತ್ತದೆ ಎಂಬುದು ಸತ್ಯ. 1982ರಲ್ಲಿ ಬಂದ ಒಂದು ಅಂದಾಜು ಬಹಳ ದೊಡ್ಡದಿತ್ತು, ಸುದ್ದಿಯೂ ಆಯಿತು. ಆಮೇಲಿನ ಅಳತೆಗಳಲ್ಲಿ ಜಗತ್ತಿನ ಒಟ್ಟು ಮೀಥೇನ್‌ನಲ್ಲಿ ಅದರ ಪಾಲು ಶೇ 1ರಿಂದ 3ಕ್ಕೆ ಇಳಿಯಿತು. ಆಸ್ಟ್ರೇಲಿಯಾದ ಹುತ್ತಗಳನ್ನು ಅಳೆದವರು 2018ರಲ್ಲಿ ತೋರಿಸಿದಂತೆ, ಹುಟ್ಟಿದ ಮೀಥೇನ್‌ನ ಸುಮಾರು ಅರ್ಧವನ್ನು ಹುತ್ತದ ಗೋಡೆ ಮತ್ತು ಕೆಳಗಿನ ಮಣ್ಣಿನ ಬ್ಯಾಕ್ಟೀರಿಯಾಗಳೇ ತಿಂದು ಮುಗಿಸುತ್ತವೆ. ಕೋಟ್ಯಂತರ ವರ್ಷಗಳಿಂದ ಹೊಂದಿಕೊಂಡು ಬಂದ ಈ ಲೆಕ್ಕವನ್ನು ಕಲ್ಲಿದ್ದಲು, ಪೆಟ್ರೋಲಿನ ಲೆಕ್ಕದ ಪಕ್ಕ ಇಡುವುದು ಅನ್ಯಾಯ.

ತಿರುಗಿಸಿ ಕೇಳುವುದು ಹೆಚ್ಚು ಉಪಯುಕ್ತ: ಭೂಮಿ ಬಿಸಿಯಾದರೆ ಗೆದ್ದಲು ಏನು ಮಾಡುತ್ತದೆ? ಆರು ಖಂಡಗಳ 130ಕ್ಕೂ ಹೆಚ್ಚು ತಾಣಗಳಲ್ಲಿ ಮರದ ತುಂಡುಗಳನ್ನಿಟ್ಟು ನೋಡಿದ, 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಗೆದ್ದಲು ಮರವನ್ನು ಹುಡುಕಿ ತಿನ್ನುವ ವೇಗ ಸುಮಾರು ಏಳು ಪಟ್ಟು ಏರುತ್ತದೆ. ಸೂಕ್ಷ್ಮಜೀವಿಗಳು ಕೊಳೆಸುವ ವೇಗ ಏರುವುದು ಸುಮಾರು ಎರಡು ಪಟ್ಟು. ಬಿಸಿಯೂ ಒಣವೂ ಆಗುವ ಪ್ರದೇಶಗಳು ಹರಡಿದಂತೆ ಮರದೊಳಗಿನ ಇಂಗಾಲ ಇನ್ನೂ ಬೇಗ ಗಾಳಿಗೆ ಸೇರುತ್ತದೆ.

ಹಾಗಾದರೆ ಮನೆ ಹಾಳುಮಾಡುವ ಗೆದ್ದಲುಗಳು?

ಸುಮಾರು 3,000 ಪ್ರಭೇದಗಳಲ್ಲಿ ಕಟ್ಟಡಕ್ಕೋ ಬೆಳೆಗೋ ಕೈಹಾಕುವಂಥವು ಕೆಲವು ನೂರು ಮಾತ್ರ. ತವರು ಬಿಟ್ಟು ಬೇರೆ ದೇಶಗಳಲ್ಲಿ ಬೇರೂರಿದವು 28 ಎಂದು 2013ರ ಒಂದು ಸಮೀಕ್ಷೆ ಲೆಕ್ಕ ಹಾಕಿತು. ಇವುಗಳಲ್ಲಿ ಸಾಮಾನ್ಯವಾದ ಗುಣಗಳೆಂದರೆ ಮರವನ್ನು ತಿನ್ನುವುದು, ತಿನ್ನುವ ಮರದಲ್ಲೇ ಗೂಡು ಮಾಡುವುದು, ಗುಂಪಿನ ಒಂದು ಚೂರು ಬೇರೆಯಾದರೂ ಅದರಲ್ಲೇ ಹೊಸ ರಾಜರಾಣಿಯರು ಎದ್ದುಕೊಳ್ಳುವುದು. ಪೆಟ್ಟಿಗೆಯಲ್ಲಿ ಸಾಗಿಸಲು ಇದಕ್ಕಿಂತ ಅನುಕೂಲದ ಸರಕು ಬೇಕೇ? ಪೂರ್ವ ಏಷ್ಯಾದ ಫಾರ್ಮೋಸಾ ಗೆದ್ದಲು ಎರಡನೆಯ ಮಹಾಯುದ್ಧದ ನಂತರ ಹಡಗಿನ ಸಾಮಾನುಗಳ ಜೊತೆ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಇಳಿಯಿತು.

ಒಣಮರದ ಗೆದ್ದಲು ಕ್ರಿಪ್ಟೊಟರ್ಮಿಸ್ ಬ್ರೆವಿಸ್‌ನದ್ದು ಇನ್ನೂ ವಿಚಿತ್ರ. ಅದರ ತವರು ಪೆರು ಮತ್ತು ಚಿಲಿಯ ಕರಾವಳಿ ಮರುಭೂಮಿ. ಅಲ್ಲಿ ಅದು ಬಯಲಿನ ಒಣಮರಗಳಲ್ಲಿ ಸಿಗುತ್ತದೆ. ಉಳಿದ ಕಡೆಯೆಲ್ಲ ಅದು ಸಿಗುವುದು ಮನುಷ್ಯ ಕಟ್ಟಿದ ಮರದ ಕೆಲಸದಲ್ಲಿ ಮಾತ್ರ: ಕುರ್ಚಿ, ಮೇಜು, ಕಿಟಕಿಯ ಚೌಕಟ್ಟು. ಸ್ಪ್ಯಾನಿಷ್ ಹಡಗುಗಳ ಕಾಲದಲ್ಲಿ ಮರದ ಸಾಮಾನಿನೊಳಗೆ ಕುಳಿತು ಹೊರಟದ್ದು ಇಂದು ಹಲವು ಖಂಡಗಳಲ್ಲಿದೆ. ಮನೆಯ ಮಾಡು ಬಿಟ್ಟು ಪಕ್ಕದ ಕಾಡಿಗೆ ಮಾತ್ರ ಕಾಲಿಟ್ಟಿಲ್ಲ.